ಮಿಹ್ರಾಬ್‌ನಲ್ಲಿ ನಿಲ್ಲುವ ಮುನ್ನ: ಇಮಾಮ್ ವೃತ್ತಿಗೆ ಇಳಿಯುವವರಿಗೊಂದು ಕೈಪಿಡಿ

ತಮ್ಮ ಜನರಿಗೆ ತಮ್ಮನ್ನು ಇಮಾಮರನ್ನಾಗಿ ನೇಮಿಸಬೇಕೆಂದು ಉಸ್ಮಾನ್ ಬಿನ್ ಅಬಿಲ್ ಆಸ್ ಎಂಬ ಸಹಾಬಿ (ಪ್ರವಾದಿಯವರ ಸಂಗಾತಿ) ಕೇಳಿಕೊಂಡಾಗ ಪ್ರವಾದಿ ಮುಹಮ್ಮದರು (ಸ) ನೀಡಿದ ಉತ್ತರ ಅಬೂದಾವೂದರ ಹದೀಸ್ (ಪ್ರವಾದಿಯವರ ನುಡಿ-ನಡೆಗಳ ವರದಿ) ಸಂಗ್ರಹದಲ್ಲಿದೆ. ನೀನು ಅವರ ಇಮಾಮ್, ಅವರಲ್ಲಿ ಅತ್ಯಂತ ದುರ್ಬಲನಾದವನನ್ನು ಅನುಸರಿಸು, ಅಝಾನ್ (ನಮಾಝಿನ ಕರೆ) ಕೊಡುವುದಕ್ಕೆ ಕೂಲಿ ಪಡೆಯದ ಒಬ್ಬ ಮುಅಝ್ಝಿನ್‌ನನ್ನು ನೇಮಿಸಿಕೋ ಎಂಬುದು ಆ ಉತ್ತರದ ಸಾರ. ಇಮಾಮ್ ಎಂದರೆ ನಮಾಝಿಗೆ ಮಿಹ್ರಾಬ್‌ನಲ್ಲಿ, ಅಂದರೆ ಮಸೀದಿಯ ಮುಂಗೋಡೆಯ ಗೂಡಿನಲ್ಲಿ, ಮುಂದೆ ನಿಲ್ಲುವವನು. ಉಳಿದವರು ಅವನನ್ನು ಅನುಸರಿಸುತ್ತಾರೆ. ಅಂಥವನಿಗೇ ಹಿಂದೆ ನಿಂತಿರುವ ದುರ್ಬಲನನ್ನು ಅನುಸರಿಸು ಎಂದು ಹೇಳಿರುವುದರಲ್ಲಿ ಈ ಕೆಲಸದ ಅಳತೆಗೋಲು ಇದೆ. ಇಲ್ಲಿ ಮುಂದೆ ಬರೆದಿರುವ ಸೂಚನೆಗಳಲ್ಲಿ ಹೆಚ್ಚಿನವು ಆ ಅಳತೆಗೋಲನ್ನು ದಿನನಿತ್ಯದ ಕೆಲಸಕ್ಕೆ ಹಚ್ಚಿ ನೋಡಿದವು.

ಇಸ್ಲಾಮಿನಲ್ಲಿ ಇಮಾಮರಿಗೆ ದೀಕ್ಷೆ ಕೊಡುವ ಪದ್ಧತಿಯಿಲ್ಲ. ಸುನ್ನೀ ಸಂಪ್ರದಾಯದಲ್ಲಿ ಕುರ್‌ಆನನ್ನು ಸರಿಯಾಗಿ ಓದಬಲ್ಲ, ನಮಾಝಿನ ನಿಯಮಗಳನ್ನು ತಿಳಿದ ಯಾವ ಪುರುಷನಾದರೂ ಜಮಾಅತ್‌ನ (ಕೂಡಿ ನಮಾಝ್ ಮಾಡುವವರ) ಮುಂದೆ ನಿಲ್ಲಬಹುದು. ಹಲವರು ಇದ್ದಲ್ಲಿ ಯಾರನ್ನು ಮುಂದೆ ನಿಲ್ಲಿಸಬೇಕೆಂಬುದಕ್ಕೆ ಹದೀಸಿನಲ್ಲಿ ಕ್ರಮ ಹೇಳಿದೆ: ಮೊದಲು ಕುರ್‌ಆನ್ ಪಾರಾಯಣದಲ್ಲಿ ಮುಂದಿರುವವನು, ಅದರಲ್ಲಿ ಸಮಾನರಾದರೆ ಸುನ್ನತ್‌ನ (ಪ್ರವಾದಿಯವರ ನಡೆಯ) ತಿಳಿವಳಿಕೆ ಹೆಚ್ಚಿರುವವನು. ಶಿಯಾ ಮುಸ್ಲಿಮರಲ್ಲಿ ಇಮಾಮ್ ಎಂಬ ಪದಕ್ಕೆ ಬೇರೆಯೇ ಎತ್ತರದ ಅರ್ಥವಿದೆ. ಅಲ್ಲಿ ನಮಾಝಿಗೆ ಮುಂದೆ ನಿಲ್ಲುವವರನ್ನು ಪೇಶ್ ಇಮಾಮ್ ಎಂದು ಪ್ರತ್ಯೇಕವಾಗಿ ಕರೆಯುವ ರೂಢಿಯುಂಟು. ಅಂದರೆ ಒಂದು ಹೊತ್ತಿನ ನಮಾಝ್ ನಡೆಸಿಕೊಡುವುದೇ ಬೇರೆ, ಇಮಾಮ್ ವೃತ್ತಿಯೇ ಬೇರೆ. ಈ ವೃತ್ತಿಯಲ್ಲಿ ದಿನಕ್ಕೆ 5ರಂತೆ ವರ್ಷಕ್ಕೆ 1,825 ಹೊತ್ತುಗಳಿವೆ. ಮನಸ್ಸು ಇದ್ದರೂ ಇಲ್ಲದಿದ್ದರೂ, ಶೀತವಾಗಿ ಗಂಟಲು ಕಟ್ಟಿದ್ದರೂ, ಹಿಂದಿನ ರಾತ್ರಿ ಯಾರದೋ ಮನೆಯ ಜಗಳ ಬಿಡಿಸಿ ತಡವಾಗಿ ಮಲಗಿದ್ದರೂ ಫಜ್ರ್‌ಗೆ (ಮುಂಜಾನೆಯ ನಮಾಝಿಗೆ) ಅಲ್ಲಿರಬೇಕು. ಈ ಲೆಕ್ಕ ಒಪ್ಪಿಗೆಯಾದವರು ಮುಂದೆ ಓದಬಹುದು.

ಕಲಿಕೆ

ಎಲ್ಲಕ್ಕಿಂತ ಮೊದಲು ಓದು ಸರಿಯಾಗಬೇಕು. ಸ್ವರ ಇಂಪಾಗಿರುವುದು ವರ, ಆದರೆ ಉಚ್ಚಾರ ತಪ್ಪಿದರೆ ಇಂಪಿನಿಂದ ಪ್ರಯೋಜನವಿಲ್ಲ. ನಾಲಿಗೆಯ ಬುಡದಿಂದ ಹೊರಡಬೇಕಾದ ಖಾಫ್ ಅಕ್ಷರವನ್ನು ಸಾಧಾರಣ ಕಾಫ್‌ನಂತೆ ಓದಿದರೆ ಹೃದಯ ಎಂಬರ್ಥದ ಪದ ನಾಯಿ ಎಂಬರ್ಥದ ಪದವಾಗಿಬಿಡುತ್ತದೆ. ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾದ ಕೊನೆಯ ಆಯತ್‌ನಲ್ಲಿ (ವಚನದಲ್ಲಿ) ‘ಅನ್‌ಅಮ್ತ’ ಎಂದು ಓದಬೇಕಾದಲ್ಲಿ ‘ಅನ್‌ಅಮ್ತು’ ಎಂದರೆ, ನೀನು ಅನುಗ್ರಹಿಸಿದವರ ಮಾರ್ಗ ಎಂಬ ಪ್ರಾರ್ಥನೆ ನಾನು ಅನುಗ್ರಹಿಸಿದವರ ಮಾರ್ಗ ಎಂದಾಗುತ್ತದೆ. ಒಂದು ಸ್ವರದ ವ್ಯತ್ಯಾಸದಲ್ಲಿ ದಾಸನು ದೇವರ ಸ್ಥಾನದಲ್ಲಿ ನಿಂತು ಮಾತನಾಡಿದಂತೆ. ಕಡ್ಡಾಯ ನಮಾಝ್‌ಗಳಲ್ಲಿ ದಿನಕ್ಕೆ 17 ರಕಅತ್‌ಗಳಿದ್ದು (ನಿಂತು, ಬಾಗಿ, ಹಣೆ ನೆಲಕ್ಕಿಡುವ ಒಂದು ಸುತ್ತು ಒಂದು ರಕಅತ್), ಫಜ್ರ್, ಮಗ್ರಿಬ್ (ಸೂರ್ಯಾಸ್ತದ ನಮಾಝ್) ಮತ್ತು ಇಶಾಗಳ (ರಾತ್ರಿಯ ನಮಾಝ್) ಎರಡೆರಡರಂತೆ 6 ರಕಅತ್‌ಗಳಲ್ಲಿ ಇಮಾಮ್ ಗಟ್ಟಿಯಾಗಿ ಓದುತ್ತಾನೆ. ತಪ್ಪು ಅಭ್ಯಾಸವಾಗಿದ್ದರೆ ಅದು ಸಾರ್ವಜನಿಕವಾಗಿ ದಿನಕ್ಕೆ ಆರು ಬಾರಿ ಕೇಳಿಸುತ್ತದೆ. ಆದ್ದರಿಂದ ಪುಸ್ತಕ ನೋಡಿಯೋ ಧ್ವನಿಮುದ್ರಿಕೆ ಕೇಳಿಯೋ ತಜ್ವೀದ್ (ಪಾರಾಯಣದ ಉಚ್ಚಾರ ನಿಯಮ) ಕಲಿತೆನೆಂದು ತೃಪ್ತಿಪಡದೆ, ಎದುರು ಕುಳಿತು ತಿದ್ದುವ ಗುರುವಿನ ಬಳಿ ಕನಿಷ್ಠ ಫಾತಿಹಾ ಮತ್ತು ಕೊನೆಯ ಜುಝ್‌ನ (ಕುರ್‌ಆನಿನ 30 ಭಾಗಗಳಲ್ಲಿ ಒಂದರ) ಸೂರಾಗಳನ್ನಾದರೂ (ಅಧ್ಯಾಯಗಳನ್ನಾದರೂ) ಒಪ್ಪಿಸಿರಬೇಕು. ಜಗತ್ತಿನ ಹೆಚ್ಚಿನ ಕಡೆ ಹಫ್ಸ್ ಎಂಬ ಪಾರಾಯಣ ಪಾಠ ಬಳಕೆಯಲ್ಲಿದ್ದರೆ ಉತ್ತರ ಮತ್ತು ಪಶ್ಚಿಮ ಆಫ್ರಿಕಾದಲ್ಲಿ ವರ್ಶ್ ಪಾಠ ವ್ಯಾಪಕವಾಗಿದೆ, ಎರಡೂ ಪ್ರಮಾಣೀಕೃತವೇ. ಆದರೂ ಜನರಿಗೆ ಪರಿಚಯವಿರುವ ಪಾಠವನ್ನು ಬಿಟ್ಟು ಇನ್ನೊಂದನ್ನು ಓದಿ ಅವರನ್ನು ಗಲಿಬಿಲಿಗೊಳಿಸುವುದು ವಿದ್ವತ್ತಿನ ಪ್ರದರ್ಶನವಾಗುತ್ತದೆಯೇ ಹೊರತು ಸೇವೆಯಾಗುವುದಿಲ್ಲ.

ಇಮಾಮ್ ಆಗಲು ಹಾಫಿಝ್ (ಇಡೀ ಕುರ್‌ಆನನ್ನು ಕಂಠಪಾಠ ಮಾಡಿದವರು) ಆಗಿರಲೇಬೇಕೆಂದಿಲ್ಲ, ಆದರೆ ರಮಝಾನಿನ ರಾತ್ರಿಗಳಲ್ಲಿ ಕುರ್‌ಆನನ್ನು ಉದ್ದಕ್ಕೂ ಓದುವ ತರಾವೀಹ್ ನಮಾಝಿನ ಕಾರಣದಿಂದ ಅನೇಕ ಮಸೀದಿಗಳು ಹಾಫಿಝರನ್ನೇ ಹುಡುಕುತ್ತವೆ. ಕಂಠಪಾಠ ಮಾಡಿದ್ದು ಉಳಿಯಬೇಕಾದರೆ ಪುನರಾವರ್ತನೆಯನ್ನು ನಮಾಝಿನ ಹೊತ್ತುಗಳಿಗೆ ಜೋಡಿಸಿಕೊಳ್ಳುವುದು ಸುಲಭದ ದಾರಿ. 604 ಪುಟಗಳ ಮುಸ್‌ಹಫ್‌ನಲ್ಲಿ (ಕುರ್‌ಆನ್ ಪ್ರತಿಯಲ್ಲಿ) ಒಂದು ಜುಝ್‌ಗೆ ಸುಮಾರು 20 ಪುಟ. ಪ್ರತಿ ನಮಾಝಿನ ಹಿಂದೆಯೋ ಮುಂದೆಯೋ 4 ಪುಟ ಓದಿದರೆ ದಿನಕ್ಕೊಂದು ಜುಝ್ ಆಗಿ, ತಿಂಗಳಿಗೊಮ್ಮೆ 30 ಜುಝ್‌ಗಳೂ ಮುಗಿಯುತ್ತವೆ. ರಮಝಾನ್ ಹತ್ತಿರ ಬಂದಾಗ ಗಾಬರಿಯಿಂದ ಶುರುಮಾಡುವ ಪುನರಾವರ್ತನೆ ಹದಿನೈದನೆಯ ರಾತ್ರಿಯ ಹೊತ್ತಿಗೆ ಬಣ್ಣ ಬಯಲು ಮಾಡುತ್ತದೆ.

ಓದಿನ ನಂತರದ್ದು ಫಿಕ್ಹ್, ಅಂದರೆ ಧರ್ಮನಿಯಮಗಳ ಶಾಸ್ತ್ರ. ನೀವು ಕಲಿತ ಮದ್‌ಹಬ್‌ನ (ಫಿಕ್ಹ್ ಪಂಥದ) ನಮಾಝ್, ಶುಚಿತ್ವ, ಜನಾಝಾ (ಶವಸಂಸ್ಕಾರ) ಹಾಗೂ ನಿಕಾಹ್‌ನ (ಮದುವೆಯ) ಅಧ್ಯಾಯಗಳು ಬಾಯಿಗೆ ಬರುವಂತಿರಬೇಕು. ಜೊತೆಗೆ ನೀವು ಸೇರುವ ಜಮಾಅತ್‌ನ ಮದ್‌ಹಬ್ ಬೇರೆಯಾಗಿದ್ದರೆ ಅದರ ಪದ್ಧತಿಯನ್ನೂ ಅರಿತಿರಬೇಕು. ಶಾಫಿಈ ಪದ್ಧತಿಯವರು ಫಜ್ರ್‌ನಲ್ಲಿ ಕುನೂತ್ (ನಿಂತು ಕೈಯೆತ್ತಿ ಮಾಡುವ ಪ್ರಾರ್ಥನೆ) ಓದುವುದನ್ನು ನಿರೀಕ್ಷಿಸುತ್ತಾರೆ, ಬಿಸ್ಮಿಲ್ಲಾಹ್‌ಅನ್ನು ಗಟ್ಟಿಯಾಗಿ ಕೇಳಬಯಸುತ್ತಾರೆ; ಹನಫೀ ಪದ್ಧತಿಯವರಿಗೆ ಇವೆರಡೂ ಇಲ್ಲ, ಅವರ ಅಸ್ರ್ (ಸಂಜೆಗೆ ಮುಂಚಿನ ನಮಾಝ್) ಸಮಯವೂ ತಡವಾಗಿ ಆರಂಭವಾಗುತ್ತದೆ. ಸಂದರ್ಶನದಲ್ಲಿಯೇ ಇದನ್ನು ಕೇಳಿ ತಿಳಿದುಕೊಳ್ಳದೆ, ಮೊದಲ ಬೆಳಗ್ಗೆಯೇ ಕುನೂತ್ ಬಿಟ್ಟು ಸಜ್ದಾಕ್ಕೆ (ಹಣೆ ನೆಲಕ್ಕಿಡಲು) ಹೋದರೆ ಅರ್ಧ ಸಫ್ (ಸಾಲು) ಕೈಯೆತ್ತಿ ನಿಂತಿರುತ್ತದೆ.

ಕಲಿಯುವ ದಾರಿಗಳು ದೇಶದಿಂದ ದೇಶಕ್ಕೆ ಬೇರೆ. ದಕ್ಷಿಣ ಏಷ್ಯಾದ ಮದ್ರಸಾಗಳಲ್ಲಿ ದರ್ಸೆ ನಿಝಾಮಿ ಪಠ್ಯಕ್ರಮ, ಈಜಿಪ್ಟಿನಲ್ಲಿ 10ನೆಯ ಶತಮಾನದಷ್ಟು ಹಳೆಯ ಅಲ್ ಅಝ್‌ಹರ್, ಟರ್ಕಿಯಲ್ಲಿ ಇಮಾಮ್ ಹತೀಪ್ ಶಾಲೆಗಳು ಮತ್ತು ವಿಶ್ವವಿದ್ಯಾಲಯಗಳ ಧರ್ಮಶಾಸ್ತ್ರ ವಿಭಾಗಗಳು, ಮೊರಾಕ್ಕೊದ ರಬಾತ್‌ನಲ್ಲಿ 2015ರಲ್ಲಿ ತೆರೆದ ಇಮಾಮ್ ತರಬೇತಿ ಸಂಸ್ಥೆ ಇವು ಹೆಸರಾದವು. ರಬಾತ್‌ನ ಸಂಸ್ಥೆಯಲ್ಲಿ ಮುರ್ಶಿದಾ ಎಂದು ಕರೆಯಲಾಗುವ ಮಹಿಳಾ ಮಾರ್ಗದರ್ಶಕಿಯರಿಗೂ ತರಬೇತಿಯಿದೆ. ಎಲ್ಲಿ ಕಲಿತರೂ ಸನದು ಕೈಗೆ ಬಂದ ಮೇಲೆ ಅನುಭವಿ ಇಮಾಮರೊಬ್ಬರ ಹಿಂದೆ ಕನಿಷ್ಠ ಒಂದು ರಮಝಾನ್ ಕಳೆಯಬೇಕೆಂಬುದು ನನ್ನ ಸಲಹೆ, ಏಕೆಂದರೆ ಮಯ್ಯಿತ್‌ಗೆ (ಮೃತದೇಹಕ್ಕೆ) ಸ್ನಾನ ಮಾಡಿಸುವುದನ್ನು ಯಾವ ತರಗತಿಯೂ ಕೈಗೆ ಕಲಿಸಿಕೊಡುವುದಿಲ್ಲ.

ಕೆಲಸಕ್ಕೆ ಸೇರುವಾಗ

ಇಮಾಮತ್‌ಗೆ ಸಂಬಳ ಕೇಳಲು ಸಂಕೋಚಪಡುವವರು ಬಹಳ. ಈ ಸಂಕೋಚಕ್ಕೆ ಹಳೆಯ ಬೇರುಗಳಿವೆ: ಹನಫೀ ಮದ್‌ಹಬ್‌ನ ಆರಂಭಕಾಲದ ವಿದ್ವಾಂಸರು ಕುರ್‌ಆನ್ ಬೋಧನೆ, ಇಮಾಮತ್ ಮತ್ತು ಅಝಾನ್‌ಗಳಿಗೆ ಕೂಲಿ ಪಡೆಯುವುದನ್ನು ಒಪ್ಪಿರಲಿಲ್ಲ. ಮುಂದೆ ಬಂದವರು, ಜೀವನೋಪಾಯವಿಲ್ಲದೆ ಈ ಕೆಲಸಗಳೇ ನಿಂತುಹೋಗುವ ಸ್ಥಿತಿ ಬಂದೀತೆಂದು ಕಂಡು, ಅದಕ್ಕೆ ಅನುಮತಿ ನೀಡಿದರು. ಟರ್ಕಿಯಲ್ಲಿ 1924ರಲ್ಲಿ ಸ್ಥಾಪನೆಯಾದ ದಿಯಾನೆತ್ ಎಂಬ ಧಾರ್ಮಿಕ ವ್ಯವಹಾರಗಳ ಇಲಾಖೆಯಡಿ ಇಮಾಮರು ಸರ್ಕಾರಿ ನೌಕರರು. ಭಾರತದ ಸುಪ್ರೀಂ ಕೋರ್ಟ್ 1993ರಲ್ಲಿ ವಕ್ಫ್ ಮಂಡಳಿಗಳ ಮಸೀದಿಗಳ ಇಮಾಮರಿಗೆ ಸಂಭಾವನೆ ಸಲ್ಲಬೇಕೆಂದು ತೀರ್ಪಿತ್ತಿತು. ಹೀಗಿರುವಾಗ ಆಡಳಿತ ಸಮಿತಿಯ ಎದುರು ಕುಳಿತು ಸಂಬಳದ ಮಾತೆತ್ತುವುದರಲ್ಲಿ ನಾಚಿಕೆಗೆ ಕಾರಣವಿಲ್ಲ.

ಒಪ್ಪಂದವನ್ನು ಬರೆಹದಲ್ಲಿ ಮಾಡಿಕೊಳ್ಳಬೇಕು. ಸಂಬಳ ಎಷ್ಟು, ಯಾವ ದಿನ ಕೈಸೇರುತ್ತದೆ, ವಾಸಕ್ಕೆ ಕೋಣೆಯೋ ಮನೆಯೋ, ಕುಟುಂಬ ಜೊತೆಗಿರಬಹುದೇ, ಮಕ್ಕಳ ಮದ್ರಸಾ ಪಾಠ ಇದೇ ಸಂಬಳದಲ್ಲಿ ಸೇರಿದೆಯೇ, ವಾರದ ರಜೆ ಯಾವಾಗ, ರಜೆಯಲ್ಲಿ ಬದಲಿ ಇಮಾಮರನ್ನು ಹುಡುಕುವುದು ನಿಮ್ಮ ಹೊಣೆಯೋ ಸಮಿತಿಯದೋ, ಖುತ್ಬಾದ (ಶುಕ್ರವಾರದ ಪ್ರವಚನದ) ವಿಷಯವನ್ನು ಯಾರು ನಿರ್ಧರಿಸುತ್ತಾರೆ, ಕೆಲಸದಿಂದ ಬಿಡಿಸುವುದಾದರೆ ಎಷ್ಟು ಮುಂಚೆ ತಿಳಿಸಬೇಕು ಎಂಬಿಷ್ಟೂ ಅದರಲ್ಲಿರಲಿ. ನಂಬಿಕೆಯ ಜಾಗದಲ್ಲಿ ಕಾಗದ ಏಕೆ ಎಂದು ಕೇಳುವವರಿಗೆ, ಸಾಲದ ವ್ಯವಹಾರವನ್ನು ಬರೆದಿಡಿರೆಂದು ಆದೇಶಿಸುವ ಆಯತ್ ಕುರ್‌ಆನಿನ ಅತಿ ಉದ್ದದ ಆಯತ್ ಎಂಬುದನ್ನು ವಿನಯದಿಂದ ನೆನಪಿಸಬಹುದು. ವಾರದ ರಜೆ ಅಸಾಧ್ಯವೆನ್ನುವ ಸಮಿತಿಯೊಂದಿಗೆ ಕನಿಷ್ಠ ಝುಹ್ರ್ (ಮಧ್ಯಾಹ್ನದ ನಮಾಝ್), ಅಸ್ರ್‌ಗಳಿಗಾದರೂ ವಾರಕ್ಕೊಂದು ದಿನ ಬೇರೆಯವರು ನಿಲ್ಲುವಂತೆ ಮಾತನಾಡಿಕೊಳ್ಳಿ.

ನಮಾಝಿಗೆ ನಿಂತಾಗ

ಸಹಾಬಿ ಮುಆದ್ ಬಿನ್ ಜಬಲರು ಇಶಾ ನಮಾಝಿನಲ್ಲಿ 286 ಆಯತ್‌ಗಳ ಅಲ್ ಬಕರಾ ಸೂರಾವನ್ನು ಓದತೊಡಗಿದಾಗ, ದಿನವಿಡೀ ದುಡಿದು ಬಂದಿದ್ದ ಒಬ್ಬರು ಸಾಲಿನಿಂದ ಹೊರಬಂದು ತಾವೇ ಪ್ರತ್ಯೇಕವಾಗಿ ನಮಾಝ್ ಮಾಡಿ ಹೋದರು. ದೂರು ಪ್ರವಾದಿಯವರ (ಸ) ಬಳಿ ಬಂದಾಗ ಅವರು ಗದರಿಸಿದ್ದು ಮುಆದರನ್ನು. ಜನರನ್ನು ಪರೀಕ್ಷೆಗೆ ಒಡ್ಡುತ್ತೀಯಾ ಎಂದು ಕೇಳಿ, ಅಶ್ಶಮ್ಸ್, ಅಲ್ ಆಲಾ, ಅಲ್ಲೈಲ್‌ನಂತಹ ಸೂರಾಗಳನ್ನು ಓದುವಂತೆ ಹೇಳಿದರು. ಇದು ಹೊಸ ಇಮಾಮರಿಗೆ ಸಿದ್ಧವಾಗಿಯೇ ದೊರೆತಿರುವ ಪಟ್ಟಿ. ಹಿಂದಿನ ಸಾಲಿನಲ್ಲಿ ಮಗು ಅತ್ತಾಗ ತಾಯಿಗೆ ಕಷ್ಟವಾದೀತೆಂದು ಪ್ರವಾದಿಯವರು ನಮಾಝನ್ನು ಚುಟುಕುಗೊಳಿಸುತ್ತಿದ್ದರೆಂಬುದೂ ಹದೀಸಿನಲ್ಲಿದೆ. ಚುಟುಕು ಎಂದರೆ ಓಟವಲ್ಲ. ರುಕೂವಿನಲ್ಲಿ (ಸೊಂಟ ಬಾಗಿಸಿ ನಿಂತಾಗ) ಬೆನ್ನು ನೆಟ್ಟಗಾಗಿ, ಮೊಣಕಾಲು ನೋವಿನ ವೃದ್ಧರೊಬ್ಬರು ಮೂರು ತಸ್ಬೀಹ್ (ದೇವಸ್ತುತಿ) ಹೇಳಿ ಮುಗಿಸುವಷ್ಟು ಹೊತ್ತು ಸಿಗಬೇಕು. ಓದನ್ನು ಕಡಿಮೆ ಮಾಡಿ; ರುಕೂ ಸಜ್ದಾಗಳನ್ನು ಕಡಿಮೆ ಮಾಡಬೇಡಿ.

ತಕ್ಬೀರಿನ ಉದ್ದ ಚಿಕ್ಕ ವಿಷಯವೆನಿಸಿದರೂ ಅದರಲ್ಲಿ ಎಡವುವವರು ಹೆಚ್ಚು. ನಿಂತಲ್ಲಿಂದ ಸಜ್ದಾಕ್ಕೆ ಹೋಗುವಾಗ ಕೆಲವರು ‘ಅಲ್ಲಾಹು ಅಕ್ಬರ್’ ಎಂಬುದನ್ನು ರಾಗವಾಗಿ ಎಳೆಯುತ್ತಾರೆ; ಮಾತು ಮುಗಿಯುವಷ್ಟರಲ್ಲಿ ಹಿಂದಿನ ಯುವಕರ ಹಣೆ ನೆಲ ಮುಟ್ಟಿರುತ್ತದೆ, ಇಮಾಮ್ ಇನ್ನೂ ಮೊಣಕಾಲೂರುತ್ತಿರುತ್ತಾರೆ. ಇಮಾಮರಿಗಿಂತ ಮುಂಚೆ ಹೋಗುವುದು ಹಿಂದಿರುವವರಿಗೆ ನಿಷಿದ್ಧ, ಆದರೆ ಅವರನ್ನು ಆ ತಪ್ಪಿಗೆ ತಳ್ಳಿದ್ದು ಎಳೆದ ತಕ್ಬೀರ್. ಚಲನೆ ಆರಂಭವಾದಾಗ ಆರಂಭಿಸಿ, ಮುಂದಿನ ಭಂಗಿ ತಲುಪುವಾಗ ಮುಗಿಸಬೇಕು. ಕೊರಳಪಟ್ಟಿಗೆ ಸಿಕ್ಕಿಸುವ ಮೈಕ್ ಇದ್ದರೆ ಸಜ್ದಾದಲ್ಲಿ ಬಟ್ಟೆಯ ಸರಪರ ಸದ್ದು ಇಡೀ ಮಸೀದಿಗೆ ಕೇಳದಂತೆ ಅದರ ಜಾಗವನ್ನು ಮೊದಲೇ ನೋಡಿಕೊಳ್ಳಿ. ವಿದ್ಯುತ್ ಹೋದಾಗ ನಿಮ್ಮ ತಕ್ಬೀರನ್ನು ಹಿಂದಿನ ಸಾಲುಗಳಿಗೆ ಗಟ್ಟಿಯಾಗಿ ಮುಟ್ಟಿಸುವವರು ಯಾರೆಂದು ಮುಅಝ್ಝಿನ್ ಜೊತೆ ಮಾತಾಗಿರಲಿ.

ತಪ್ಪುವುದು ಖಂಡಿತ, ತಪ್ಪಿದಾಗ ಏನು ಮಾಡಬೇಕೆಂಬುದನ್ನು ಮುಂಚೆಯೇ ಅಭ್ಯಾಸ ಮಾಡಿರಬೇಕು. ಝುಹ್ರ್‌ನ ನಾಲ್ಕನೆಯ ರಕಅತ್‌ನಲ್ಲಿ ಕೂರಬೇಕಾದ ನೀವು ಐದನೆಯದಕ್ಕೆ ಎದ್ದು ನಿಲ್ಲುತ್ತೀರಿ. ಹಿಂದಿನಿಂದ ತಪ್ಪನ್ನು ಎಚ್ಚರಿಸುವ ‘ಸುಬ್ಹಾನಲ್ಲಾಹ್’ ಎಂಬ ಒಂದು ಧ್ವನಿ, ಬೆನ್ನಿಗೇ ಇನ್ನೆರಡು. ಹೆಂಗಸರ ಸಾಲಿನಿಂದಾದರೆ ಕೈ ತಟ್ಟಿದ ಸದ್ದು. ಆ ಕ್ಷಣದಲ್ಲಿ ಅಭಿಮಾನ ಒಂದು ಮಾತು ಹೇಳುತ್ತದೆ, ಕಿವಿ ಇನ್ನೊಂದು. ಕಿವಿಯ ಮಾತು ಕೇಳಿ ಕೂರಬೇಕು, ತಶಹ್ಹುದ್ (ಕುಳಿತು ಹೇಳುವ ಪ್ರಾರ್ಥನೆ) ಓದಬೇಕು, ನಿಮ್ಮ ಮದ್‌ಹಬ್‌ನ ಪ್ರಕಾರ ಸಲಾಮಿಗೆ (ನಮಾಝ್ ಮುಗಿಸುವ ವಂದನೆಗೆ) ಮುಂಚೆಯೋ ನಂತರವೋ ಸಹ್ವ್‌ನ (ಮರೆವಿನ) ಎರಡು ಸಜ್ದಾ ಮಾಡಿ ಮುಗಿಸಬೇಕು. ನಾಲ್ಕು ರಕಅತ್‌ನ ನಮಾಝನ್ನು ಎರಡಕ್ಕೇ ಮುಗಿಸಿದ್ದನ್ನು ದುಲ್ ಯದೈನ್ ಎಂಬವರು ಎತ್ತಿ ಕೇಳಿದಾಗ, ಪ್ರವಾದಿಯವರೇ (ಸ) ಉಳಿದವರನ್ನು ವಿಚಾರಿಸಿ, ಬಾಕಿಯನ್ನು ಪೂರ್ತಿಮಾಡಿ ಸಜ್ದಾ ಮಾಡಿದ್ದಾರೆ. ಆಯತ್ ಮರೆತಾಗ ಹತ್ತು ವರ್ಷದ ಹುಡುಗನೊಬ್ಬ ಹಿಂದಿನಿಂದ ಎತ್ತಿಕೊಟ್ಟರೆ ತೆಗೆದುಕೊಳ್ಳಿ, ನಮಾಝ್ ಮುಗಿದ ಮೇಲೆ ಎಲ್ಲರೆದುರು ಅವನಿಗೆ ಒಂದು ಒಳ್ಳೆಯ ಮಾತು ಹೇಳಿ. ತರಾವೀಹ್‌ನಲ್ಲಂತೂ ಕೇಳಿ ತಿದ್ದುವ ಮತ್ತೊಬ್ಬ ಹಾಫಿಝ್ ಹಿಂದೆ ಇರಲೇಬೇಕು.

ನಿಮ್ಮ ನೇರ ಹಿಂದೆ ಯಾರು ನಿಲ್ಲುತ್ತಾರೆಂಬುದೂ ಮುಖ್ಯ. ಕ್ರಿ.ಶ. 644ರಲ್ಲಿ ಖಲೀಫಾ ಉಮರರು ಫಜ್ರ್ ನಮಾಝಿನ ಹೊತ್ತಿನಲ್ಲಿ ಇರಿತಕ್ಕೊಳಗಾದಾಗ, ಅಬ್ದುರ್ರಹ್ಮಾನ್ ಬಿನ್ ಔಫರ ಕೈ ಹಿಡಿದು ಮುಂದಕ್ಕೆ ಎಳೆದರು. ಅವರು ಚುಟುಕಾಗಿ ನಮಾಝ್ ಮುಗಿಸಿದರು. ತಲೆಸುತ್ತು ಬಂದಾಗ, ವುಝೂ (ನಮಾಝಿಗೆ ಬೇಕಾದ ಅಂಗಶುದ್ಧಿ) ಹೋದಾಗ ಹೀಗೆಯೇ ಎಳೆದು ನಿಲ್ಲಿಸಬಲ್ಲ ಒಬ್ಬರು ಆ ಜಾಗದಲ್ಲಿರಲಿ. ವುಝೂ ಹೋದದ್ದು ತಿಳಿದೂ ಸಂಕೋಚದಿಂದ ಮುಂದುವರಿಸುವುದು ಅಕ್ಷಮ್ಯ.

ಮಿಂಬರ್ (ಪ್ರವಚನ ಪೀಠ) ಏರಿದಾಗ

ಜುಮಾದ (ಶುಕ್ರವಾರದ ನಮಾಝಿನ) ಖುತ್ಬಾ ನಡೆಯುವಾಗ ಪಕ್ಕದವನಿಗೆ ಸುಮ್ಮನಿರು ಎನ್ನುವುದು ಕೂಡ ವ್ಯರ್ಥದ ಮಾತೆಂದು ಹದೀಸ್ ಹೇಳುತ್ತದೆ. ಕೇಳುವವರಿಗೆ ಬಾಯಿ ತೆರೆಯುವ ಅವಕಾಶವೇ ಇಲ್ಲದ ಜಾಗ ಅದು, ಆದ್ದರಿಂದ ಮಾತನಾಡುವವನ ಹೊಣೆ ಇಮ್ಮಡಿ. ಸಮಿತಿಯ ಸದಸ್ಯರೊಬ್ಬರೊಂದಿಗಿನ ಮನಸ್ತಾಪವನ್ನು ಹೆಸರೆತ್ತದೆ ಮಿಂಬರ್‌ನಿಂದ ತೀರಿಸಿಕೊಳ್ಳುವುದು, ಉತ್ತರಿಸಲಾಗದವನಿಗೆ ಹೊಡೆದಂತೆ. ಹೆಸರೆತ್ತದಿದ್ದರೂ ಯಾರೆಂದು ಮೊದಲ ಸಫ್‌ಗೆ ಗೊತ್ತಾಗಿರುತ್ತದೆ.

ಖುತ್ಬಾವನ್ನು ಸೋಮವಾರವೇ ಆರಂಭಿಸಿ. ಒಂದೇ ವಿಷಯ, ಒಂದು ಆಯತ್, ಒಂದೆರಡು ದೃಢವಾದ ಹದೀಸ್, ಮತ್ತು ಕೇಳಿದವನು ಅಂದೇ ಮಾಡಬಹುದಾದ ಒಂದು ಕೆಲಸ. ನೆರೆಯವರ ಹಕ್ಕಿನ ಬಗ್ಗೆ ಹೇಳುವುದಾದರೆ ಮಸೀದಿಯ ಮುಂದೆ ಅಡ್ಡಾದಿಡ್ಡಿ ನಿಲ್ಲಿಸಿದ ವಾಹನಗಳಿಂದ ಶುರುಮಾಡಬಹುದು. ಜುಮಾಕ್ಕೆ ಬಂದವರಿಂದಲೇ ನೆರೆಯವನ ಗೇಟು ಮುಚ್ಚಿಹೋಗಿರುತ್ತದೆ. ಹದೀಸ್ ಎಲ್ಲಿಂದ ಬಂತು, ಅದರ ದರ್ಜೆ ಏನು ಎಂದು ತಿಳಿಯದೆ ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಓದಬೇಡಿ. ಎರಡು ಖುತ್ಬಾಗಳ ನಡುವೆ ಕುಳಿತೇಳುವುದು, ಹಮ್ದ್ (ದೇವಸ್ತುತಿ), ಸಲಾತ್ (ಪ್ರವಾದಿಯವರಿಗೆ ಆಶೀರ್ವಾದ ಕೋರುವುದು), ತಕ್ವಾದ (ದೇವಭಯದ) ಉಪದೇಶ, ಆಯತ್, ದುಆ (ಬೇಡಿಕೆಯ ಪ್ರಾರ್ಥನೆ) ಮುಂತಾದ ಅಂಗಗಳನ್ನು ನಿಮ್ಮ ಮದ್‌ಹಬ್‌ನಂತೆ ಪೂರೈಸಿ. ಖುತ್ಬಾ ಪೂರ್ತಿ ಅರಬಿಯಲ್ಲಿರಬೇಕೋ ಜನರ ಭಾಷೆ ಸೇರಬಹುದೋ ಎಂಬಲ್ಲಿ ಮಸೀದಿಯಿಂದ ಮಸೀದಿಗೆ ರೂಢಿ ಬೇರೆ. ಸೇರಿದ ಮೊದಲ ತಿಂಗಳೇ ಅದನ್ನು ಬದಲಿಸಲು ಹೋಗಬೇಡಿ. ಖುತ್ಬಾ ಚಿಕ್ಕದಾಗಿ ನಮಾಝ್ ಉದ್ದವಾಗಿರುವುದು ಇಮಾಮನ ತಿಳಿವಳಿಕೆಯ ಗುರುತೆಂದು ಹದೀಸಿದೆ. ಮೇಲಧಿಕಾರಿಯ ಅನುಮತಿ ಪಡೆದು ಒಂದು ಗಂಟೆಗೆಂದು ಬಂದ ಕಾರ್ಮಿಕ ಹೊಸ್ತಿಲ ಬಳಿ ಕುಳಿತು ಗಡಿಯಾರ ನೋಡುತ್ತಿರುತ್ತಾನೆ. ಆ ದಿನದ ದುರ್ಬಲ ಅವನು.

ನಮಾಝಿನಾಚೆ

ಹೊರಗಿನವರಿಗೆ ಕಾಣದ ಕೆಲಸವೇ ಇಲ್ಲಿ ಹೆಚ್ಚು. ಜನರು ಮದುವೆ, ಸಾವು, ಸಾಲ, ಮಗನ ಕುಡಿತ, ಗಂಡನ ಹೊಡೆತ ಎಲ್ಲವನ್ನೂ ಇಮಾಮರ ಮುಂದೆ ತಂದಿಡುತ್ತಾರೆ. ಇಲ್ಲಿ ಮೊದಲು ಕಲಿಯಬೇಕಾದ ವಾಕ್ಯ: ಇದು ನನಗೆ ತಿಳಿಯದು, ವಿಚಾರಿಸಿ ಹೇಳುತ್ತೇನೆ. ತಲಾಕ್ ಸಂಭವಿಸಿದೆಯೋ ಇಲ್ಲವೋ, ಆಸ್ತಿಯಲ್ಲಿ ಯಾರಿಗೆ ಎಷ್ಟು ಪಾಲು ಎಂಬಂತಹ ಪ್ರಶ್ನೆಗಳಿಗೆ ಮಸೀದಿಯ ಮೆಟ್ಟಿಲ ಮೇಲೆ ನಿಂತು ಉತ್ತರಿಸಬಾರದು. ಅವು ಮುಫ್ತಿಯ (ಧರ್ಮಶಾಸ್ತ್ರದ ಅಭಿಪ್ರಾಯ ನೀಡುವ ವಿದ್ವಾಂಸರ) ಮತ್ತು ವಕೀಲರ ಬಳಿ ಹೋಗಬೇಕಾದವು. ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ ಸಬ್ರ್ (ತಾಳ್ಮೆ) ಮಾಡು ಎಂದಷ್ಟೇ ಹೇಳಿ ಮರಳಿ ಕಳಿಸುವುದು ಇಮಾಮರ ಕೈಯಿಂದಾಗುವ ಅತಿ ಕೆಟ್ಟ ತಪ್ಪುಗಳಲ್ಲೊಂದು. ಅವಳು ಆ ರಾತ್ರಿ ಎಲ್ಲಿ ಸುರಕ್ಷಿತವಾಗಿರುತ್ತಾಳೆಂಬ ಪ್ರಶ್ನೆ ಮೊದಲು, ಸಂಧಾನದ ಮಾತು ಅನಂತರ. ನಿದ್ದೆಯಿಲ್ಲದೆ, ಇಲ್ಲದ ಧ್ವನಿ ಕೇಳಿಸಿಕೊಳ್ಳುವವನಿಗೆ ಆಯತ್ ಓದಿ ಊದಿ, ಅದರ ಜೊತೆಗೆ ಮನೋವೈದ್ಯರ ವಿಳಾಸವನ್ನೂ ಕೊಡಿ. ಕೇಳಿದ್ದು ನಿಮ್ಮಲ್ಲೇ ಉಳಿಯಬೇಕು, ಮುಂದಿನ ಖುತ್ಬಾದ ಉದಾಹರಣೆಯಾಗಬಾರದು.

ನಿಕಾಹ್‌ಗೆ ಕೂರುವ ಮುನ್ನ ವಧುವಿನ ಒಪ್ಪಿಗೆ, ವಲಿ (ವಧುವಿನ ಪರ ಪೋಷಕ), ಇಬ್ಬರು ಸಾಕ್ಷಿಗಳು, ಮಹರ್‌ನ (ವರನು ವಧುವಿಗೆ ಕೊಡುವ ಧನದ) ಮೊತ್ತ, ಹಿಂದಿನ ವಿವಾಹವಿದ್ದರೆ ಅದರ ಕಾಗದ ಮತ್ತು ಇದ್ದತ್ (ಮರುಮದುವೆಗೆ ಮುಂಚೆ ಹೆಣ್ಣು ಕಾಯಬೇಕಾದ ಅವಧಿ) ಇವಿಷ್ಟನ್ನೂ ಒಂದು ದಿನ ಮೊದಲೇ ಪರಿಶೀಲಿಸಿ. ಹಾರ ಹಾಕಿ ಕುಳಿತ ಮೇಲೆ ಇಲ್ಲ ಎನ್ನುವುದು ಕಷ್ಟ. ವಯಸ್ಸು ಮತ್ತು ನೋಂದಣಿಯಲ್ಲಿ ನೀವಿರುವ ದೇಶದ ಕಾನೂನೇ ಪಾಲನೆಯಾಗಬೇಕು. ಫ್ರಾನ್ಸ್‌ನಲ್ಲಿ ನಾಗರಿಕ ವಿವಾಹಕ್ಕೆ ಮುಂಚೆ ಧಾರ್ಮಿಕ ವಿವಾಹ ನಡೆಸಿಕೊಡುವುದನ್ನು ರೂಢಿ ಮಾಡಿಕೊಂಡ ಧರ್ಮಗುರುವಿಗೆ ಶಿಕ್ಷೆಯಿದೆ. ಟರ್ಕಿಯಲ್ಲಿ 2017ರಿಂದ ಮುಫ್ತಿಗಳಿಗೇ ನಾಗರಿಕ ವಿವಾಹ ನಡೆಸುವ ಅಧಿಕಾರ ಸಿಕ್ಕಿದೆ.

ಸಾವಿನ ಮನೆಗೆ ಹೋದಾಗ ಕಡಿಮೆ ಮಾತನಾಡಿ. ಸ್ನಾನ ಮತ್ತು ಕಫನ್ (ಶವವಸ್ತ್ರ) ಮಾಡಿಸಬಲ್ಲ ಗಂಡಸರ ಮತ್ತು ಹೆಂಗಸರ ದೂರವಾಣಿ ಸಂಖ್ಯೆ ನಿಮ್ಮ ಬಳಿ ಇರಲಿ; ಕಫನ್‌ಗೆ ಗಂಡಿಗೆ ಮೂರು, ಹೆಣ್ಣಿಗೆ ಐದು ವಸ್ತ್ರ. ಮೃತರ ಸಾಲವಿದೆಯೇ ಎಂದು ಹತ್ತಿರದ ಬಂಧುವನ್ನು ಪಕ್ಕಕ್ಕೆ ಕರೆದು ಕೇಳಿ. ಜನಾಝಾ ನಮಾಝಿಗೆ ಅಪರೂಪಕ್ಕೆ ಬರುವವರೇ ಬಹಳ, ಗಾಬರಿಯಲ್ಲಿ ರುಕೂಗೆ ಬಾಗುವವರೂ ಇರುತ್ತಾರೆ. ಆದ್ದರಿಂದ ತಕ್ಬೀರಿಗೆ ಮುಂಚೆ ತಿರುಗಿ ನಿಂತು, ನಾಲ್ಕು ತಕ್ಬೀರ್, ರುಕೂ ಇಲ್ಲ, ಸಜ್ದಾ ಇಲ್ಲ, ನಿಂತೇ ಮುಗಿಯುತ್ತದೆ ಎಂದು ಹೇಳಿಬಿಡಿ. ಅರ್ಧ ನಿಮಿಷದ ಈ ಮಾತಿನಿಂದ ಹತ್ತಾರು ಜನರ ಮುಜುಗರ ತಪ್ಪುತ್ತದೆ. ಮೃತರ ಮಗ ತಾನೇ ಇಮಾಮತ್ ನಿಲ್ಲುತ್ತೇನೆಂದರೆ, ಅವನಿಗೆ ಬರುತ್ತದೆಂದಾದರೆ, ನೀವು ಹಿಂದೆ ಸರಿಯಿರಿ.

ಮಕ್ಕಳ ಪಾಠ ಬಾಗಿಲು ತೆರೆದಿರುವ, ಹೊರಗಿನಿಂದ ಕಾಣುವ ಕೋಣೆಯಲ್ಲಿ ನಡೆಯಲಿ. ಒಬ್ಬನೇ ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಕೂರಬೇಡಿ, ಬೆತ್ತ ಇಟ್ಟುಕೊಳ್ಳಬೇಡಿ. ಝಕಾತ್ (ಕಡ್ಡಾಯ ದಾನ), ಸದಕಾ (ಐಚ್ಛಿಕ ದಾನ) ಎಂದು ಕೈಗೆ ಕೊಟ್ಟ ಹಣವನ್ನು ಅಂದೇ ರಸೀದಿ ಹರಿದು ಖಜಾಂಚಿಗೆ ಒಪ್ಪಿಸಿ. ಚಂದ್ರದರ್ಶನದ ವಿಷಯದಲ್ಲಿ ಒಂಟಿಯಾಗಿ ಘೋಷಣೆ ಮಾಡದೆ ನಿಮ್ಮ ಜಮಾಅತ್ ಒಪ್ಪಿಕೊಂಡಿರುವ ಪ್ರಾಧಿಕಾರದ ನಿರ್ಧಾರಕ್ಕೆ ಕಾಯಿರಿ.

ದಿನವು ಐದು ತುಂಡಾಗುವ ಕೆಲಸದಲ್ಲಿ ನಿದ್ದೆಯೂ ತುಂಡಾಗುತ್ತದೆ. ಝುಹ್ರ್‌ಗೆ ಮುಂಚಿನ ಅಥವಾ ನಂತರದ ಒಂದು ಗಂಟೆಯನ್ನು ಮಲಗುವುದಕ್ಕೆಂದೇ ಮೀಸಲಿಟ್ಟು, ಆಗ ದೂರವಾಣಿ ಎತ್ತುವುದಿಲ್ಲವೆಂದು ಎಲ್ಲರಿಗೂ ತಿಳಿಸಿ. ರಜೆಗೆ ಹೋಗುವಾಗ ಬದಲಿ ಇಮಾಮರ ಕೈಗೆ ಒಂದು ನೋಟ್‌ಬುಕ್ ಕೊಟ್ಟುಹೋಗುವ ಅಭ್ಯಾಸ ಒಳ್ಳೆಯದು: ಯಾವ ಹೊತ್ತಿಗೆ ಇಕಾಮತ್ (ನಮಾಝ್ ಆರಂಭದ ಕರೆ), ಕುನೂತ್ ಇದೆಯೋ ಇಲ್ಲವೋ, ಯಾವ ನಿಕಾಹ್‌ನ ಕಾಗದ ಬಾಕಿಯಿದೆ, ಯಾರ ಮನೆಯಲ್ಲಿ ಕಾಯಿಲೆಯವರಿದ್ದಾರೆ, ಮೈಕ್‌ನ ಯಾವ ಗುಂಡಿ ಕೆಟ್ಟಿದೆ, ಮಯ್ಯಿತ್ ಕೋಣೆಯ ಕೀಲಿ ಎಲ್ಲಿದೆ, ಮತ್ತು ಮೊದಲ ಸಫ್‌ನ ಬಲತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಹಿರಿಯರಿಗೆ ಸಜ್ದಾದಿಂದ ಏಳಲು ಎಷ್ಟು ಹೊತ್ತು ಬೇಕು.